ಗ್ಯಾಸ್ ಒಲೆ ಕೊಳ್ಳಲು ಹೋಗುವಾಗ ಹಿಟ್ಟಿನ ಪಾತ್ರೆಯನ್ನೂ ಒಯ್ಯಿರಿ



ಕಳೆದ ಸುಗ್ಗಿಯ ನಂತರ ಮನೆಭೇಟಿಗೆಂದು ನಾವು ತಾಳವಾಡಿ ಸೀಮೆಯ ಒಂದು ಹಳ್ಳಿಗೆ ಹೋಗಿದ್ದೆವು. ಒಂದು ಮನೆಯಲ್ಲಿ ಅಡಿಗೆ ಕಟ್ಟೆಯ ಮೇಲೆ ಮೂರು ಬರ್ನರಿನ, ಗಾಜಿನ ಮೈಯ ಹೊಸ ಗ್ಯಾಸ್ ಒಲೆ ಇತ್ತು. ಅದಕ್ಕೆ ಹೂವಿನ ಬಟ್ಟೆ ಹೊದಿಸಿದ್ದರು. ಆದರೆ ಹೊಗೆಯ ವಾಸನೆ ಬರುತ್ತಿತ್ತು. ಹಿತ್ತಲ ಕಡೆಯ ಹಳೆ ಅಡಿಗೆಮನೆಗೆ ಹೋಗಿ ನೋಡಿದರೆ, ಆ ಮನೆಯ ಅಜ್ಜಿ ಸೌದೆ ಒಲೆಯ ಮುಂದೆ ಕೂತು ಕೆಮ್ಮುತ್ತಾ ಹಿಟ್ಟು ತಿರುವುತ್ತಿದ್ದರು.

"ಹೊಸ ಒಲೆ ಇದೆಯಲ್ಲ ತಾಯಿ?" ಎಂದು ಕೇಳಿದೆವು.

"ಅದ್ರ ಮ್ಯಾಲ ಹಿಟ್ಟು ತಿರುವಕ್ ಆಯ್ತದಾ ಸ್ವಾಮಿ? ಗಾಜು ಒಡದೋದ್ರ ಮಗ ಕೊಟ್ಟ ದುಡ್ಡು ನೀರ್ ಪಾಲು" ಎಂದರು.

ಮಗ ಪ್ರೀತಿಯಿಂದಲೇ ತಂದಿದ್ದ. ಚಾಮರಾಜನಗರಕ್ಕೆ ಒಬ್ಬನೇ ಹೋಗಿ, ಅಂಗಡಿಯವರು ತೋರಿಸಿದ್ದರಲ್ಲಿ ಹೆಚ್ಚು ಹೊಳೆಯುವುದನ್ನು ಆರಿಸಿದ್ದ. ದಿನಾ ಅಡಿಗೆ ಮಾಡುವವರನ್ನು ಕೇಳಿರಲಿಲ್ಲ. ಹೀಗಾಗಿ ಹೊಸ ಒಲೆಯ ಮೇಲೆ ಕಾಫಿ ಮಾತ್ರ ಕಾಯುತ್ತಿತ್ತು; ಹೊಗೆ ಮನೆಯಲ್ಲೇ ಉಳಿದಿತ್ತು.

ಇದು ಸಣ್ಣ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಸೌದೆ, ಬೆರಣಿ, ಸೀಮೆಎಣ್ಣೆ ಮುಂತಾದವುಗಳ ಹೊಗೆಯಿಂದ ಮನೆಯೊಳಗಿನ ಗಾಳಿ ಕೆಟ್ಟು 2020ರಲ್ಲಿ ಪ್ರಪಂಚದಲ್ಲಿ 32 ಲಕ್ಷ ಜನ ಸತ್ತರು. ದೊಡ್ಡವರಿಗೆ ದಮ್ಮು ಮತ್ತು ಶ್ವಾಸಕೋಶದ ರೋಗ, ಚಿಕ್ಕ ಮಕ್ಕಳಿಗೆ ನ್ಯುಮೋನಿಯಾ ಇದರಿಂದ ಬರುತ್ತವೆ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಎಷ್ಟೋ ಬಡವರ ಮನೆಗೆ ಸಿಲಿಂಡರ್ ಬಂದಿದೆ. ಆದರೆ ಸಿಲಿಂಡರ್ ಬಂದ ಮಾತ್ರಕ್ಕೆ ಹೊಗೆ ಹೋಗುವುದಿಲ್ಲ. ನಮ್ಮ ಅಡಿಗೆಗೆ ಹೊಂದುವ ಒಲೆಯೂ ಬೇಕು. ಹೊಸ ಒಲೆ ಕೊಳ್ಳುವವರು ಈ ಕೆಳಗಿನ ಸಂಗತಿಗಳನ್ನು ಗಮನಿಸಬೇಕು.

1. ಒಲೆಯ ಮೈ

ಗಾಜಿನ ಒಲೆ ನೋಡಲು ಚೆಂದ, ಒರೆಸಲು ಸುಲಭ. ಅದಕ್ಕೆ ಹದಗೊಳಿಸಿದ ಗಟ್ಟಿ ಗಾಜನ್ನೇ ಹಾಕಿರುತ್ತಾರೆ. ಆದರೂ ಭಾರದ ಪಾತ್ರೆಯ ಪೆಟ್ಟು ಬಿದ್ದರೆ, ಕಾದ ಗಾಜಿನ ಮೇಲೆ ತಣ್ಣೀರು ಚೆಲ್ಲಿದರೆ ಅದು ಒಮ್ಮೆಲೇ ಚೂರಾಗಬಹುದು. ಹಿಟ್ಟು ತಿರುವುವ ಮನೆಗೆ ದಪ್ಪ ತಗಡಿನ ಸ್ಟೇನ್‌ಲೆಸ್ ಸ್ಟೀಲ್ ಒಲೆಯೇ ಲೇಸು. ಅಂಗಡಿಯಲ್ಲಿ ಒಲೆಯ ನಡುವೆ ಅಂಗೈಯಿಟ್ಟು ಒತ್ತಿ ನೋಡಿ. ತಗಡು ಬಗ್ಗಿದರೆ, ಒಲೆ ಅಲುಗಾಡಿದರೆ ಬೇಡವೆನ್ನಿ.

2. ಪಾತ್ರೆ ಕೂರುವ ಕಾಲುಗಳು

ನಮ್ಮವರಿಗೆ ಇದೇ ಮುಖ್ಯ. ಹಿಟ್ಟು ತಿರುವುವಾಗ ಪಾತ್ರೆಗೆ ಎಲ್ಲ ಕಡೆಯಿಂದಲೂ ಬಲ ಬೀಳುತ್ತದೆ. ಬರ್ನರಿನ ಸುತ್ತಲಿನ ಕಂಬಿಗಳು ದಪ್ಪವಾಗಿ, ಅಗಲವಾಗಿ, ಒಲೆಯ ಮೈಗೆ ಭದ್ರವಾಗಿ ಕೂತಿರಬೇಕು. ಮನೆಯ ಹಿಟ್ಟಿನ ಪಾತ್ರೆಯನ್ನು ಅಂಗಡಿಗೇ ಒಯ್ದು ಇಟ್ಟು ನೋಡಿ, ನಾಚಿಕೆ ಬೇಡ. ಎರಡು ಬರ್ನರುಗಳ ನಡುವಿನ ಅಂತರವನ್ನೂ ಗಮನಿಸಿ. ಅದೇ ಅಗಲದಲ್ಲಿ ಮೂರು ಬರ್ನರು ತುರುಕಿದ್ದರೆ, ದೊಡ್ಡ ಪಾತ್ರೆ ಒಂದಿಟ್ಟಾಗ ಪಕ್ಕದ ಬರ್ನರು ಉಪಯೋಗಕ್ಕೆ ಬರುವುದಿಲ್ಲ. ಅಂಥ ಮೂರಕ್ಕಿಂತ ವಿಶಾಲವಾದ ಎರಡು ಬರ್ನರಿನ ಒಲೆ ಮೇಲು.

3. ಬರ್ನರು ಮತ್ತು ಉರಿ

ಹಿತ್ತಾಳೆಯ ಬರ್ನರು ತೂಕವಾಗಿರುತ್ತದೆ, ಹೆಚ್ಚು ಬಾಳಿಕೆ ಬರುತ್ತದೆ. ಒಂದು ದೊಡ್ಡದು, ಒಂದು ಚಿಕ್ಕದು ಇರಲಿ: ದೊಡ್ಡದು ಹಿಟ್ಟಿಗೆ, ಚಿಕ್ಕದು ಸಾರಿಗೆ, ಹಾಲಿಗೆ. ಸಾಧ್ಯವಾದರೆ ಹೊತ್ತಿಸಿ ತೋರಿಸಲು ಹೇಳಿ. ಉರಿ ನೀಲಿಯಾಗಿ, ಸುತ್ತಲೂ ಸಮನಾಗಿರಬೇಕು. ಹಳದಿ ಉರಿ ಎಂದರೆ ಗ್ಯಾಸ್ ಸರಿಯಾಗಿ ಸುಡುತ್ತಿಲ್ಲವೆಂದು ಅರ್ಥ. ಪಾತ್ರೆಗೂ ಮಸಿ ಹಿಡಿಯುತ್ತದೆ, ಗ್ಯಾಸೂ ದಂಡ.

4. ಐ.ಎಸ್.ಐ. ಗುರುತು

ಒಲೆಯ ಮೇಲೆ ಐ.ಎಸ್.ಐ. ಗುರುತು ಮತ್ತು ಐ.ಎಸ್. 4246 ಎಂಬ ಸಂಖ್ಯೆ ಇದೆಯೇ ನೋಡಿ. ಈ ಮಾನದಂಡದಂತೆ ಗ್ಯಾಸಿನ ಶಾಖದಲ್ಲಿ ನೂರಕ್ಕೆ 68 ಪಾಲಾದರೂ ಪಾತ್ರೆಗೆ ತಲುಪಬೇಕು. ಸಂತೆಯಲ್ಲಿ ಅಗ್ಗಕ್ಕೆ ಸಿಗುವ, ಗುರುತಿಲ್ಲದ ಒಲೆ ಕೊಂಡರೆ ಉಳಿಸಿದ ಹಣ ಸಿಲಿಂಡರಿಗೆ ಹೋಗುತ್ತದೆ.

5. ಹೆಚ್ಚಿನ ಸೌಕರ್ಯಗಳು

ತಾನೇ ಹೊತ್ತಿಕೊಳ್ಳುವ ಒಲೆಗೆ ಹೆಚ್ಚು ಹಣ ಕೊಡಬೇಕಾಗಿಲ್ಲ. ಒಂದು ಲೈಟರು ಸಾಕು. ಆದರೆ ಉರಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ಏರ್ಪಾಡು ಕೆಲವು ಒಲೆಗಳಲ್ಲಿ ಇರುತ್ತದೆ. ಹಾಲು ಉಕ್ಕಿ ಉರಿ ಆರುವುದು ಯಾವ ಮನೆಯಲ್ಲಿಲ್ಲ? ಇದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ತಿರುಗಣೆ ಒತ್ತಿ ತಿರುಗಿಸಿದರೆ ಮಾತ್ರ ತೆರೆಯುವಂತಿರಲಿ, ಮಕ್ಕಳಿರುವ ಮನೆಗೆ ಕ್ಷೇಮ. ಟ್ಯೂಬು ಸಿಕ್ಕಿಸುವ ಬಾಯಿ ನಿಮ್ಮ ಸಿಲಿಂಡರ್ ಇರುವ ಕಡೆಗೆ ಬರುತ್ತದೆಯೇ ಎಂದೂ ನೋಡಿ. ಟ್ಯೂಬು ಒಲೆಯ ಅಡಿಯಲ್ಲಿ ಹಾಯ್ದು ಬರುವಂತಾಗಬಾರದು.

6. ಗೋಬರ್ ಗ್ಯಾಸ್ ಇರುವವರಿಗೆ

ದನಕರು ಇಟ್ಟುಕೊಂಡು ಗೋಬರ್ ಗ್ಯಾಸ್ ಮಾಡಿಸಿರುವವರು ಅದೇ ಒಲೆಯನ್ನು ಸಿಲಿಂಡರಿಗೆ ಜೋಡಿಸಬಾರದು. ಸಗಣಿ ಗ್ಯಾಸಿಗೆ ಶಾಖವೂ ಒತ್ತಡವೂ ಕಡಿಮೆ. ಆದ್ದರಿಂದ ಅದರ ಒಲೆಯಲ್ಲಿ ಗ್ಯಾಸ್ ಬರುವ ತೂತು ದೊಡ್ಡದು. ಅದಕ್ಕೆ ಸಿಲಿಂಡರ್ ಜೋಡಿಸಿದರೆ ಉರಿ ಮೇಲೇಳುತ್ತದೆ, ಮುಖ ಸುಟ್ಟೀತು. ಎರಡಕ್ಕೂ ಬೇರೆ ಬೇರೆ ಒಲೆ ಇರಲಿ.

ಒಲೆ ಮನೆಗೆ ಬಂದ ಮೇಲೆ

ಹಳೆ ಟ್ಯೂಬನ್ನು ಹೊಸ ಒಲೆಗೆ ಹಾಕಬೇಡಿ. ಒಳಗೆ ತಂತಿ ಹೆಣೆದಿರುವ, ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನು ಗ್ಯಾಸ್ ಏಜೆನ್ಸಿಯಿಂದ ಪಡೆಯಿರಿ. ಐದು ವರ್ಷಕ್ಕೊಮ್ಮೆ ಬದಲಾಯಿಸಿ. ಧಾನ್ಯ ತುಂಬಿಡುವ ನಮ್ಮ ಮನೆಗಳಲ್ಲಿ ಇಲಿ ಕಾಟ ತಪ್ಪಿದ್ದಲ್ಲ. ಟ್ಯೂಬನ್ನು ಆಗಾಗ ಪರೀಕ್ಷಿಸಿ. ಸೋರಿಕೆಯ ಅನುಮಾನ ಬಂದರೆ ಸೋಪಿನ ನೀರು ಹಚ್ಚಿ ನೋಡಿ; ಗುಳ್ಳೆ ಎದ್ದರೆ ಸೋರುತ್ತಿದೆ. ಬೆಂಕಿಕಡ್ಡಿ ಗೀರಿ ನೋಡಲೇಬಾರದು.

ಸಿಲಿಂಡರ್ ಸದಾ ನೆಟ್ಟಗೆ ನೆಲದ ಮೇಲಿರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಆದರೆ ಕಟ್ಟೆ ತೀರ ಎತ್ತರವಾದರೆ ಹಿಟ್ಟು ತಿರುವಲು ತೋಳಿಗೆ ಬಲ ಸಿಗುವುದಿಲ್ಲ. ಪಾತ್ರೆಯ ಬಾಯಿ ಅಡಿಗೆ ಮಾಡುವವರ ಮೊಣಕೈಗಿಂತ ಮೇಲೇರದಂತೆ ಕಟ್ಟೆ ಕಟ್ಟಿಸಿ. ಅದೇ ಕೋಣೆಯಲ್ಲಿ ಸೌದೆ ಒಲೆ ಹೊತ್ತಿಸಬೇಡಿ.

ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಡಿ ನಿಲ್ಲುತ್ತದೆ. ಆದ್ದರಿಂದ ಕಿಟಕಿಯೊಂದೇ ಸಾಲದು, ಬಾಗಿಲನ್ನೂ ತೆರೆಯಬೇಕು. ವಾಸನೆ ಬಂದರೆ ದೀಪದ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು, ಎಲ್ಲರೂ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಈ ಸಂಖ್ಯೆ ಹಗಲು ರಾತ್ರಿ ಕೆಲಸ ಮಾಡುತ್ತದೆ.

ಆ ಅಜ್ಜಿಯ ಮನೆಗೆ ನಾವು ಮತ್ತೊಮ್ಮೆ ಹೋದಾಗ ಕಟ್ಟೆಯ ಮೇಲೆ ಎರಡು ಬರ್ನರಿನ ಸ್ಟೀಲ್ ಒಲೆ ಇತ್ತು. ಗಾಜಿನದನ್ನು ಪಟ್ಟಣದಲ್ಲಿರುವ ಮಗಳಿಗೆ ಕೊಟ್ಟಿದ್ದರು. ಈ ಸಲ ಅಜ್ಜಿಯೇ ಅಂಗಡಿಗೆ ಹೋಗಿ, ಪಾತ್ರೆ ಇಟ್ಟು, ಕೋಲು ಹಾಕಿ ತಿರುವಿ ನೋಡಿ ಆರಿಸಿದರಂತೆ. ಅಂಗಡಿಯವರು ನಕ್ಕರಂತೆ, ನಗಲಿ. ಸೌದೆ ಈಗ ಹಿತ್ತಲಲ್ಲಿ ಸ್ನಾನದ ನೀರಿಗೆ ಮಾತ್ರ. ಕೆಮ್ಮು ಪೂರ್ತಿ ಹೋಗಿಲ್ಲ. ವರ್ಷಗಟ್ಟಲೆ ಕುಡಿದ ಹೊಗೆ ಒಂದೆರಡು ತಿಂಗಳಲ್ಲಿ ಬಿಡುವಂಥದ್ದಲ್ಲ. ಆದರೆ ಪಕ್ಕದಲ್ಲಿ ಕೂತು ಪಾಠ ಓದುವ ಮೊಮ್ಮಗಳ ಎದೆಗೆ ಆ ಹೊಗೆ ಇನ್ನು ಹೋಗುವುದಿಲ್ಲ.

ಬೆಳೆ ಮಾರಿ ಕೈಗೆ ನಾಲ್ಕು ಕಾಸು ಬಂದಾಗ ಒಲೆ ಕೊಳ್ಳುವ ಯೋಚನೆ ಇರುವವರು, ಮನೆಯಲ್ಲಿ ಅಡಿಗೆ ಮಾಡುವವರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ಪಾತ್ರೆಯನ್ನೂ ಮರೆಯಬೇಡಿರಿ.