ಎತ್ತುವ ತೋಳು

ಕಲಾ ಕಾಲೇಜಿನ ಸಂಚಿಕೆಗೆ ಕಬ್ಬಿಣದ ವಿಷಯವೇಕೆಂದು ಕೆಲವರು ಕೇಳಬಹುದು. ಆದರೆ ಕೊಲ್ಹಾರದ ಹೊಳೆದಂಡೆಯವರಾದ ನಮಗೆ ಇದು ಮನೆಯ ವಿಷಯ. ಮಳೆಗಾಲದಲ್ಲಿ ಆಲಮಟ್ಟಿ ಜಲಾಶಯವು 519.60 ಮೀಟರಿನ ಪೂರ್ಣಮಟ್ಟದತ್ತ ತುಂಬುತ್ತಿದ್ದಂತೆ ಕೃಷ್ಣೆಯ ಹಿನ್ನೀರು ಏರುತ್ತದೆ. ಆಗ ದಂಡೆಯ ಪಂಪುಗಳನ್ನು ಮೇಲಕ್ಕೆ ತರಬೇಕು. ಬೇಸಿಗೆಯಲ್ಲಿ ಮತ್ತೆ ಕೆಳಗಿಳಿಸಬೇಕು. ನಾಲ್ಕು ಜನ ಹೆಗಲು ಕೊಡುತ್ತಿದ್ದ ಈ ಕೆಲಸವನ್ನು ನಮ್ಮ ಕಾಕಾ ಸಣ್ಣ ಟ್ರ್ಯಾಕ್ಟರಿಗೆ ಒಪ್ಪಿಸಲು ಹೊರಟರು.

ಟ್ರ್ಯಾಕ್ಟರಿನ ಹಿಂದೆ ಕೆಳಗೆ ಎರಡು ತೋಳು, ಮೇಲೆ ಒಂದು ದಂಡ, ಹೀಗೆ ಮೂರು ಕಡೆ ನೇಗಿಲನ್ನು ಹಿಡಿಯುವ ಜೋಡಣೆಯಿರುತ್ತದೆ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ರೂಪಿಸಿದ ಈ ಏರ್ಪಾಡು 1939ರ ಫೋರ್ಡ್ ಟ್ರ್ಯಾಕ್ಟರಿನಲ್ಲಿ ಬಂದು ಪ್ರಸಿದ್ಧವಾಯಿತು. ಎಣ್ಣೆಯ ಒತ್ತಡದಿಂದ ಕೆಳಗಿನ ತೋಳುಗಳು ಏಳುತ್ತವೆ. ನೇಗಿಲು ಬಿಚ್ಚಿ, ಅದೇ ಮೂರು ಪಿನ್ನುಗಳಿಗೆ ಕಬ್ಬಿಣದ ತ್ರಿಕೋನ ಚೌಕಟ್ಟನ್ನು ಕೂಡಿಸಿ, ಅದರಿಂದ ಹಿಂದಕ್ಕೆ ಉದ್ದನೆಯ ತೋಳೊಂದನ್ನು ಚಾಚಿ, ತುದಿಗೆ ಕೊಕ್ಕೆ ಹಾಕಿದರೆ ಎತ್ತುವ ಸಾಧನ ಸಿದ್ಧ. ವೆಲ್ಡಿಂಗ್ ಅಂಗಡಿಯಲ್ಲಿ ಒಂದೇ ದಿನದಲ್ಲಿ ನಮ್ಮದೂ ಸಿದ್ಧವಾಯಿತು.

ಮೊದಲ ದಿನವೇ ಪಂಪು, ಮೋಟಾರು ಎರಡನ್ನೂ ಒಟ್ಟಿಗೆ ಎತ್ತಿದೆವು. ಲಿಫ್ಟು ಸಲೀಸಾಗಿ ಎತ್ತಿತು. ದಂಡೆಯ ಏರಿಗೆ ಬಂದಾಗ ಕಾಕಾ ಸ್ಟಿಯರಿಂಗ್ ತಿರುಗಿಸಿದರು, ಗಾಡಿ ತಿರುಗಲಿಲ್ಲ. “ತಮ್ಮಾ, ಮುಂದಿನ ಗಾಲಿ ನೆಲಾ ಬಿಟ್ಟಾವ ನೋಡೋ!” ಎಂದು ಕೂಗಿ ಕೂಡಲೇ ಭಾರ ಇಳಿಸಿದರು. ಬದುಕಿಕೊಂಡೆವು.

ಕಾರಣವನ್ನು ಆ ರಾತ್ರಿ ಕಾಗದದ ಮೇಲೆ ಹುಡುಕಿದೆನು. ತಕ್ಕಡಿಯ ಲೆಕ್ಕವೇ ಅದು. ಹಿಂದಿನ ಅಚ್ಚೇ ತಕ್ಕಡಿಯ ನಡುಮುಳ್ಳು. ಟ್ರ್ಯಾಕ್ಟರಿನ ತೂಕ 800 ಕಿಲೋ, ಅದರಲ್ಲಿ ಮುಂದಿನ ಗಾಲಿಗಳ ಮೇಲೆ 320 ಕಿಲೋ, ಎರಡು ಅಚ್ಚುಗಳ ನಡುವೆ 1.5 ಮೀಟರ್ ಅಂತರ ಎಂದಿಟ್ಟುಕೊಳ್ಳೋಣ. ಹಿಂದಿನ ಅಚ್ಚಿನಿಂದ 2 ಮೀಟರ್ ದೂರದಲ್ಲಿ 180 ಕಿಲೋ ತೂಗಿದರೆ, 180ನ್ನು 2ರಿಂದ ಗುಣಿಸಿ 1.5ರಿಂದ ಭಾಗಿಸಬೇಕು: 240 ಕಿಲೋ. ಅಷ್ಟು ಭಾರ ಮುಂದಿನಿಂದ ಕಳೆದು 80 ಮಾತ್ರ ಉಳಿಯಿತು. ತೋಳಿನ ತೂಕವೂ ದಂಡೆಯ ಏರೂ ಸೇರಿದರೆ ಅದೂ ಉಳಿಯದು. ಗಾಡಿ ಹಿಡಿತದಲ್ಲಿರಲು ಒಟ್ಟು ತೂಕದ ಐದನೆಯ ಒಂದು ಭಾಗವಾದರೂ, ಅಂದರೆ 160 ಕಿಲೋ, ಮುಂದಿರಬೇಕೆಂಬುದು ರೂಢಿಯ ಸೂತ್ರ.

ಲಿಫ್ಟು ಎತ್ತಿತೆಂದ ಮಾತ್ರಕ್ಕೆ ಗಾಡಿ ಹೊರಬಲ್ಲುದೆಂದು ಅರ್ಥವಲ್ಲ. ಎಣ್ಣೆಗೆ ಬಲವುಂಟು, ತೂಕದ ವಿವೇಕವಿಲ್ಲ. ಆ ವಿವೇಕ ನಡೆಸುವವನಲ್ಲಿರಬೇಕು.

ಮರುದಿನ ತೋಳನ್ನು ಮೊಟಕು ಮಾಡಿಸಿದೆವು. ಮುಂದೆ ಕಬ್ಬಿಣದ ತೂಕಗಳನ್ನು ಬೋಲ್ಟು ಹಾಕಿ ಬಿಗಿದೆವು. ಸರಪಳಿಯನ್ನು ಮೇಲಿನ ದಂಡಕ್ಕೆ ಎಂದೂ ಕಟ್ಟಬಾರದೆಂದೂ, ಭಾರವನ್ನು ನೆಲಕ್ಕೆ ಸಮೀಪವಾಗಿಯೇ ಒಯ್ಯಬೇಕೆಂದೂ, ತೂಗುವ ಭಾರದ ಕೆಳಗೆ ಯಾರೂ ನಿಲ್ಲಬಾರದೆಂದೂ ನಿಯಮ ಮಾಡಿಕೊಂಡೆವು. ಈಗ ಪಂಪು ಒಂದು ಸಲ, ಮೋಟಾರು ಒಂದು ಸಲ. ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ. ಮನೆಯಲ್ಲಿ ಕಾಕೂ ಆ ಕಾಲು ಗಂಟೆಯನ್ನು ಎಂದೂ ದಂಡವೆಂದಿಲ್ಲ.