ಜೀವ ಉಳಿಸುವ ಸೇವೆ: ಫಲ ನೋಡಿ ತಿಳಿಯೋಣ

ಪ್ರತಿ ವರ್ಷ ಸೆಪ್ಟೆಂಬರ್ 10ರಂದು ಜಗತ್ತಿನಾದ್ಯಂತ ಆತ್ಮಹತ್ಯೆ ತಡೆ ದಿನವನ್ನು ಆಚರಿಸುತ್ತಾರೆ. 2003ರಲ್ಲಿ ಆರಂಭವಾದ ಈ ಆಚರಣೆ ಶಾಲೆಗಳಿಗೂ ಧರ್ಮಕೇಂದ್ರಗಳಿಗೂ ಬಂದಿದೆ. ಭಾಷಣ, ಭಿತ್ತಿಪತ್ರ, ಮೇಣದಬತ್ತಿ ಹಿಡಿದು ಪ್ರಾರ್ಥನೆ ಎಲ್ಲವೂ ನಡೆಯುತ್ತವೆ. ಒಳ್ಳೆಯದೇ. ಆದರೆ ಮರವನ್ನು ಅದರ ಫಲದಿಂದ ತಿಳಿಯಬೇಕೆಂದು ಕಲಿಸಿದ ಪ್ರಭುವಿನ ಶಿಷ್ಯರಾದ ನಾವು ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು: ಇದರಿಂದ ಜೀವ ಉಳಿಯಿತೇ?

ಈ ಪ್ರಶ್ನೆ ನಮಗೆ ದೂರದ್ದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಲಕ್ಷ ಜನರಿಗೆ ಲೆಕ್ಕ ಹಾಕಿದರೆ ದೇಶದಲ್ಲಿ 12.4, ನಾವಿರುವ ಕೇರಳದಲ್ಲಿ 28.5. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ಕೌಟುಂಬಿಕ ಸಮಸ್ಯೆ, ಎರಡನೆಯದು ಕಾಯಿಲೆ. ಎರಡೂ ನಮ್ಮ ಮನೆಗಳ ಒಳಗಿನ ಸಂಗತಿಗಳೇ.

ಶ್ರೀಲಂಕಾ ಕಲಿಸಿದ ಪಾಠ

1995ರಲ್ಲಿ ಶ್ರೀಲಂಕಾದ ಆತ್ಮಹತ್ಯೆ ಪ್ರಮಾಣ ಲಕ್ಷಕ್ಕೆ ಸುಮಾರು 47ಕ್ಕೆ ಏರಿತ್ತು. ಬಹಳಷ್ಟು ಸಾವುಗಳಿಗೆ ಹೊಲಗದ್ದೆಗೆ ತಂದಿಟ್ಟ ಕೀಟನಾಶಕವೇ ಕಾರಣವಾಗಿತ್ತು. ಅಲ್ಲಿನ ಸರ್ಕಾರ ಅತಿ ಅಪಾಯದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1998ರಲ್ಲಿ ಎಂಡೋಸಲ್ಫಾನ್ ಹೋಯಿತು. 2008ರಿಂದ 2011ರ ನಡುವೆ ಮತ್ತೆ ಮೂರು ಹೋದವು. 2005ರ ಹೊತ್ತಿಗೇ ಆತ್ಮಹತ್ಯೆಗಳು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿದ್ದವು. ಮುಂದೆ ಇಳಿಕೆ ಸುಮಾರು ಶೇಕಡಾ 70ನ್ನು ಮುಟ್ಟಿತು. ಬೆಳೆಯ ಇಳುವರಿ ಕುಸಿಯಲಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ವಿಷ ಕುಡಿದು ಆಸ್ಪತ್ರೆಗೆ ಬರುವವರ ಸಂಖ್ಯೆ ಅಷ್ಟಾಗಿ ಇಳಿಯಲಿಲ್ಲ. ಬದುಕಿ ಮನೆಗೆ ಮರಳಿದವರ ಸಂಖ್ಯೆ ಏರಿತು. ಸಾಯಬೇಕೆಂಬ ತೀವ್ರ ಘಳಿಗೆ ಸಾಮಾನ್ಯವಾಗಿ ಅಲ್ಪ ಕಾಲದ್ದು. ಅದನ್ನು ದಾಟಿ ಬದುಕುಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ‘ಸಾಯಬೇಕೆಂದವರನ್ನು ತಡೆಯಲು ಯಾರಿಂದ ಸಾಧ್ಯ?’ ಎಂಬ ನಮ್ಮ ಊರಿನ ಮಾತು ಸುಳ್ಳು.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಣ್ಮಕಜೆ, ಪಡ್ರೆಯ ಮನೆಗಳಿಗೆ ತಂದ ಸಂಕಟವನ್ನು ಕಾಸರಗೋಡಿನ ನಾವು ಕಂಡವರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆಯಿತು. ಆದರೂ ತೋಟಕ್ಕೆ ಬಿಡುವ ವಿಷವನ್ನು ನಾವು ಇಂದಿಗೂ ‘ಮದ್ದು’ ಎಂದೇ ಕರೆದು, ಅಡಿಗೆಮನೆಯ ಹಿಂದಿನ ಚಾವಡಿಯಲ್ಲಿ ಇಡುತ್ತೇವೆ.

ಬೀಗವೊಂದೇ ಸಾಲದು

ಹಾಗಾದರೆ ಮನೆಮನೆಗೆ ಬೀಗದ ಪೆಟ್ಟಿಗೆ ಕೊಟ್ಟರೆ ಸಾಕಲ್ಲವೇ? ಶ್ರೀಲಂಕಾದ 180 ಹಳ್ಳಿಗಳ 53 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಇದನ್ನೂ ಪರೀಕ್ಷಿಸಿದರು. ಅರ್ಧ ಹಳ್ಳಿಗಳಿಗೆ ಪೆಟ್ಟಿಗೆ ಕೊಟ್ಟರು, ಅರ್ಧಕ್ಕೆ ಕೊಡಲಿಲ್ಲ. 2017ರಲ್ಲಿ ಫಲಿತಾಂಶ ಬಂದಾಗ ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಬೀಗವಿದ್ದರೂ ಕೀಲಿಕೈ ಮನೆಯೊಳಗೇ ಇರುತ್ತದೆಯಲ್ಲವೇ? ತಮಿಳುನಾಡಿನ ಕಡಲೂರು ಜಿಲ್ಲೆಯಲ್ಲಿ ಎರಡು ಹಳ್ಳಿಗಳ ರೈತರ ಕೀಟನಾಶಕವನ್ನು ಮನೆಯಿಂದ ಹೊರಗೆ, ಒಂದೇ ಸಾಮೂಹಿಕ ಕೋಣೆಯಲ್ಲಿ ಇರಿಸಿದಾಗ ಆಶಾದಾಯಕ ಫಲ ಕಂಡಿತು. ಆದರೆ ಎರಡು ಹಳ್ಳಿಯ ಪ್ರಯೋಗ ಬಹಳ ಚಿಕ್ಕದು. ಒಳ್ಳೆಯ ಉದ್ದೇಶವಿದ್ದ ಮಾತ್ರಕ್ಕೆ ಫಲ ಬಂದೇ ಬರುತ್ತದೆ ಎನ್ನಲಾಗದು, ಅಳೆದು ನೋಡಬೇಕು.

ಶಾಲೆಗಳ ವಿಷಯವೂ ಹಾಗೆಯೇ. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ ನಡೆದ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಶಿಕ್ಷಕರಿಗೆ ಮಾತ್ರ ತರಬೇತಿ ಕೊಟ್ಟಲ್ಲಿ ಸ್ಪಷ್ಟ ಪ್ರಯೋಜನ ಕಾಣಲಿಲ್ಲ. ಮಕ್ಕಳೇ ಕುಳಿತು ದುಃಖ, ಒತ್ತಡಗಳ ಬಗ್ಗೆ ಮಾತಾಡಿ, ಅಭಿನಯಿಸಿ ಕಲಿತಲ್ಲಿ ಒಂದು ವರ್ಷದೊಳಗಿನ ಆತ್ಮಹತ್ಯೆ ಪ್ರಯತ್ನಗಳು ಸುಮಾರು ಅರ್ಧಕ್ಕೆ ಇಳಿದವು.

ಮತ್ತೆ ಮತ್ತೆ ಹೋಗುವವರು

ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿದಂತೆ ಐದು ದೇಶಗಳ ಐದು ಕಡೆ, ಆತ್ಮಹತ್ಯೆಗೆ ಪ್ರಯತ್ನಿಸಿ ಬದುಕುಳಿದ 1,867 ಮಂದಿಯ ನಡುವೆ ಒಂದು ಅಧ್ಯಯನ ನಡೆಸಿತು. ಒಂದು ಗುಂಪಿಗೆ ರೂಢಿಯ ಚಿಕಿತ್ಸೆ. ಇನ್ನೊಂದು ಗುಂಪಿಗೆ ಅದರ ಜೊತೆ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. 2008ರಲ್ಲಿ ಪ್ರಕಟವಾದ ಲೆಕ್ಕದಂತೆ ಮೊದಲ ಗುಂಪಿನಲ್ಲಿ 18 ಮಂದಿ ಆತ್ಮಹತ್ಯೆಯಿಂದ ಸತ್ತರು, ಎರಡನೆಯದರಲ್ಲಿ ಇಬ್ಬರು. ನಂತರದ ಇಂತಹ ಪ್ರಯತ್ನಗಳೆಲ್ಲ ಇಷ್ಟೇ ಫಲ ಕೊಟ್ಟಿಲ್ಲ. ಆದರೂ ‘ಹೇಗಿದ್ದೀರಿ?’ ಎಂದು ಮತ್ತೆ ಮತ್ತೆ ಕೇಳುವ ಸೇವೆಗೆ ಹಣ ಬೇಕಿಲ್ಲ, ಕಟ್ಟಡವೂ ಬೇಕಿಲ್ಲ.

ಸಾವನ್ನೇ ಬೇಡಿ ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನನ್ನು ನೆನೆಯೋಣ. ದೇವದೂತ ಅವನಿಗೆ ಬುದ್ಧಿ ಹೇಳಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ, ಎರಡನೆಯ ಸಲ ಮತ್ತೆ ಬಂದ.

ನಾವು ಮಾಡಬೇಕಾದದ್ದು

ಮೊದಲನೆಯದಾಗಿ, ಮದ್ದನ್ನು ಬೇಕಾದಾಗ ಬೇಕಾದಷ್ಟೇ ತರೋಣ. ಉಳಿದದ್ದನ್ನು ಮನೆಯಲ್ಲಿ ಇಡದಿರೋಣ. ತೋಟಗಾರರು ಸೇರಿ ಒಂದೆಡೆ ಇಡುವ ವ್ಯವಸ್ಥೆಯ ಬಗ್ಗೆ ಸಹಕಾರಿ ಸಂಘದವರೊಡನೆ ಮಾತಾಡೋಣ.

ಎರಡನೆಯದಾಗಿ, ಮನಸ್ಸು ಕುಗ್ಗಿದವರನ್ನು ‘ಸಾಯುವ ಯೋಚನೆ ಬರುತ್ತದೆಯೇ?’ ಎಂದು ನೇರವಾಗಿ, ಮೃದುವಾಗಿ ಕೇಳೋಣ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯೋಣ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ. ಪ್ರಾರ್ಥನೆ ಚಿಕಿತ್ಸೆಗೆ ಜೊತೆಗಾರ, ಬದಲಿಯಲ್ಲ.

ಮೂರನೆಯದಾಗಿ, ಆಸ್ಪತ್ರೆಯಿಂದ ಬದುಕಿ ಬಂದವರ ಮನೆಗೆ ವಾಳೆಯ ಗುರಿಕಾರರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು, ಗುರುಗಳಾದ ನಾವು ಸರದಿಯ ಮೇಲೆ ಹೋಗೋಣ. ಒಮ್ಮೆ ಹೋಗಿ ಬಂದರೆ ಮುಗಿಯದು. ಒಂದೂವರೆ ವರ್ಷ ಬಿಡದೆ ಹೋಗಬೇಕು. ಮನೆಯ ಗುಟ್ಟು ಹೊರಗೆ ಬಾರದಿರಲಿ.

ಕಳೆದುಕೊಂಡ ಕುಟುಂಬಗಳನ್ನೂ ಮರೆಯಬಾರದು. ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ನಿರಾಕರಿಸುವ ಹಳೆಯ ನಿಯಮ 1983ರ ಧರ್ಮಸಭಾ ಕಾನೂನಿನಲ್ಲಿ ಇಲ್ಲ. ತೀವ್ರ ಮಾನಸಿಕ ವೇದನೆ ವ್ಯಕ್ತಿಯ ಹೊಣೆಯನ್ನು ತಗ್ಗಿಸಬಲ್ಲದು, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದು ಎಂಬುದು 1992ರ ಧರ್ಮೋಪದೇಶದ ಬೋಧನೆ. ನಾವು ಬಲಿಪೂಜೆಯಲ್ಲಿ ಅವರಿಗಾಗಿ ಪ್ರಾರ್ಥಿಸುತ್ತೇವೆ. ಆ ಮನೆಯ ಅಂಗಳಕ್ಕೆ ಕಾಲಿಡಲು ನೆರೆಯವರು ಹಿಂಜರಿಯಬಾರದು.

ಬರುವ ಸೆಪ್ಟೆಂಬರ್ 10ರಂದು ಎಷ್ಟು ಜನ ಸಭೆಗೆ ಬಂದರು ಎಂದು ಎಣಿಸುವ ಬದಲು, ವರ್ಷದಲ್ಲಿ ಎಷ್ಟು ಮನೆಗಳಿಂದ ವಿಷ ಹೊರಗೆ ಹೋಯಿತು, ಎಷ್ಟು ಮಂದಿಯನ್ನು ನಾವು ಎರಡನೆಯ, ಮೂರನೆಯ ಸಲ ಭೇಟಿಯಾದೆವು ಎಂದು ಎಣಿಸೋಣ.