ದುಡ್ಡು ಕೊಟ್ಟರೂ ಓಟಿಲ್ಲ!

“ಸಂಘಕ್ಕೆ ಸೇರೋದಿಲ್ಲ, ಆದರೆ ಸಂಘ ಜಗಳ ಆಡಿ ತಂದ ಸಂಬಳ ಮಾತ್ರ ಬೇಕು.” ರೈಲು ಓಡುವ ಊರುಗಳಲ್ಲೆಲ್ಲ ಕೇಳಿಬರುವ ಹಳೇ ದೂರು ಇದು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವಂಥ ನೌಕರ ಹುಬ್ಬಳ್ಳಿಯಲ್ಲೂ ಸಿಗುತ್ತಾನೆ, ಷಿಕಾಗೋದಲ್ಲೂ ಸಿಗುತ್ತಾನೆ. ನಮ್ಮಲ್ಲಿ ಸಂಘದವರು ಗೊಣಗಿ ಸುಮ್ಮನಾಗುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಕಾನೂನೇ ಅವನ ಜೇಬಿಗೆ ಕೈ ಹಾಕುತ್ತದೆ.

ಆ ಕಾನೂನಿನ ಹೆಸರು ರೈಲ್ವೆ ಲೇಬರ್ ಆಕ್ಟ್. ಪಾಸಾದದ್ದು 1926ರಲ್ಲಿ. ನಮ್ಮ ಟ್ರೇಡ್ ಯೂನಿಯನ್ ಕಾಯಿದೆ ಪಾಸಾದದ್ದೂ ಅದೇ ವರ್ಷ. ಅಲ್ಲಿನ ದೊಡ್ಡ ಗೂಡ್ಸ್ ರೈಲು ಕಂಪನಿಗಳೆಲ್ಲ ಖಾಸಗಿಯವರ ಸ್ವತ್ತು. ಆ ಕಾಲದಲ್ಲಿ ಮಾಲೀಕರೇ ಕೈಗೊಂಬೆ ಸಂಘ ಕಟ್ಟಿ ಕಾರ್ಮಿಕರನ್ನು ಅದಕ್ಕೆ ದೂಡುತ್ತಿದ್ದರು. ಅದಕ್ಕೇ 1934ರ ತಿದ್ದುಪಡಿಯಲ್ಲಿ ಕಡ್ಡಾಯ ಸದಸ್ಯತ್ವಕ್ಕೆ ನಿಷೇಧ ಬಂತು. 1951ರಲ್ಲಿ ಗಾಳಿ ತಿರುಗಿತು. ಸಂಘ ಮತ್ತು ಕಂಪನಿಯ ಒಪ್ಪಂದದಲ್ಲಿ ಷರತ್ತಿದ್ದರೆ, ಕೆಲಸಕ್ಕೆ ಸೇರಿದ 60 ದಿನಗಳೊಳಗೆ ನೌಕರ ಸಂಘಕ್ಕೆ ಸೇರಬೇಕು ಎಂದಾಯಿತು.

ಯಾಕಪ್ಪಾ ಈ ಬಲವಂತ? ಕಾರಣವಿದೆ. ಗೆದ್ದ ಸಂಘ ತನ್ನ ಸದಸ್ಯರಿಗಷ್ಟೇ ಅಲ್ಲ, ಆ ಕಸುಬಿನ ಪ್ರತಿಯೊಬ್ಬನಿಗೂ ವಕಾಲತ್ತು ವಹಿಸಬೇಕು. ಈ ಮಾತನ್ನು ಸುಪ್ರೀಂ ಕೋರ್ಟು 1944ರಲ್ಲಿ ಹೇಳಿದ್ದು ಒಬ್ಬ ಕರಿಯ ಫೈರ್‌ಮನ್‌ನ ಮೊಕದ್ದಮೆಯಲ್ಲಿ. ಸ್ಟೀಲ್ ಎಂಬ ಆತನನ್ನು ಸಂಘ ಬಣ್ಣ ನೋಡಿ ಹೊರಗಿಟ್ಟಿತ್ತು. ಆದರೂ ಅವನ ಹೆಸರಿನಲ್ಲಿ ತಾನೇ ಒಪ್ಪಂದ ಮಾಡಿಕೊಂಡು ಅವನ ಕೆಲಸಕ್ಕೇ ಕುತ್ತು ತಂದಿತ್ತು. “ಎಲ್ಲರ ಪರವಾಗಿ ಮಾತಾಡುವ ಅಧಿಕಾರ ಬೇಕಾದರೆ ಎಲ್ಲರಿಗೂ ನ್ಯಾಯ ಮಾಡು” ಎಂಬುದು ತೀರ್ಪಿನ ಸಾರ. ಎಲ್ಲರಿಗಾಗಿ ದುಡಿಯಬೇಕಾದರೆ ಖರ್ಚೂ ಎಲ್ಲರದಾಗಲಿ ಎಂಬುದು ಸಂಘಗಳ ವಾದ.

ಯೂನಿಯನ್ ಪೆಸಿಫಿಕ್ ಕಂಪನಿಯ ಕೆಲವು ನೌಕರರು ಇದನ್ನೊಪ್ಪದೆ ಕೋರ್ಟಿಗೆ ಹೋದರು. ಅವರ ನೆಬ್ರಾಸ್ಕಾ ರಾಜ್ಯದ ಸಂವಿಧಾನದಲ್ಲಿ ಕಡ್ಡಾಯ ಸದಸ್ಯತ್ವಕ್ಕೆ ಅವಕಾಶವೇ ಇರಲಿಲ್ಲ. 1956ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು: ರೈಲಿನ ಮಟ್ಟಿಗೆ ಕೇಂದ್ರದ ಕಾನೂನೇ ದೊಡ್ಡದು. ಆದರೆ ಕೇಳಬಹುದಾದದ್ದು ಹಣ ಮಾತ್ರ. ಅಂದರೆ ಸಂಘಕ್ಕೆ ಸೇರದೆ ಫೀ ಮಾತ್ರ ಕಟ್ಟುವ ದಾರಿಯೂ ಉಂಟು. ಇದಕ್ಕೆ ಏಜೆನ್ಸಿ ಫೀ ಎನ್ನುತ್ತಾರೆ.

ಆ ಹಣ ಎಲ್ಲಿಗೆ ಹೋಗಬೇಕು? ಜಾರ್ಜಿಯಾ ರಾಜ್ಯದ ರೈಲು ನೌಕರರು ಕೇಳಿದ್ದು ಇದನ್ನೇ. ತಮಗೆ ಬೇಡವಾದ ಅಭ್ಯರ್ಥಿಗಳ ಚುನಾವಣೆಗೆ ತಮ್ಮದೇ ದುಡ್ಡು ಹೋಗುತ್ತಿತ್ತು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ! 1961ರಲ್ಲಿ ಕೋರ್ಟು ಇದಕ್ಕೆ ತಡೆ ಹಾಕಿತು. ಆಕ್ಷೇಪಣೆ ಎತ್ತಿದವನ ಹಣ ರಾಜಕೀಯಕ್ಕೆ ಹೋಗಕೂಡದು. ಆದರೆ ಬಾಯಿ ಬಿಟ್ಟು ಹೇಳಬೇಕಾದವನು ನೌಕರನೇ. ಸುಮ್ಮನಿದ್ದರೆ ಒಪ್ಪಿದಂತೆ.

1984ರಲ್ಲಿ ಲೆಕ್ಕ ಇನ್ನಷ್ಟು ಬಿಗಿಯಾಯಿತು. ರೈಲಿನ ಈ ಕಾನೂನು ವಿಮಾನ ಕಂಪನಿಗಳಿಗೂ ಅನ್ವಯ. ವಿಮಾನ ಕಂಪನಿಯೊಂದರ ಗುಮಾಸ್ತರು ತಂದ ಮೊಕದ್ದಮೆಯಲ್ಲಿ ಕೋರ್ಟು ಖರ್ಚಿನ ಬಾಬುಗಳನ್ನು ಒಂದೊಂದಾಗಿ ಜಾಲಾಡಿತು. ಸಂಘದ ಮಹಾ ಅಧಿವೇಶನ? ವಸೂಲು ಮಾಡಬಹುದು. ಸಭೆಯ ತಿಂಡಿ ತೀರ್ಥ? ಅದೂ ಆಗಬಹುದು. ಹೊಸಬರನ್ನು ಸಂಘಕ್ಕೆ ಸೆಳೆಯುವ ಪ್ರಚಾರ? ಕೂಡದು. ಮೊದಲು ಪೂರ್ತಿ ಕಿತ್ತುಕೊಂಡು ಆಮೇಲೆ ವಾಪಸು ಕೊಡುತ್ತೇವೆ ಎನ್ನುವುದೂ ನಡೆಯದು. ಅದು ಬಡ್ಡಿಯಿಲ್ಲದ ಕೈಸಾಲ ತೆಗೆದುಕೊಂಡ ಹಾಗೆ.

ಹೀಗೆ ಆಕ್ಷೇಪಣೆ ಎತ್ತಿ ಹೊರಗುಳಿದವನಿಗೆ ಉಳಿಯುವುದು ಚಂದಾದ ಒಂದು ಭಾಗ. ಕಳೆದುಹೋಗುವುದು? ಓಟು. ಪದಾಧಿಕಾರಿಗಳ ಚುನಾವಣೆಯಲ್ಲಿ ಅವನು ಲೆಕ್ಕಕ್ಕಿಲ್ಲ. ಒಪ್ಪಂದ ಬೇಕೋ ಬೇಡವೋ ಎಂದು ಸಂಘ ಕೇಳುವುದು ತನ್ನ ಸದಸ್ಯರನ್ನೇ.

ಆ ಓಟಿನ ಬೆಲೆ ಏನೆಂಬುದು 2022ರಲ್ಲಿ ಗೊತ್ತಾಯಿತು. 5 ವರ್ಷಕ್ಕೆ ಶೇಕಡಾ 24 ಸಂಬಳ ಏರಿಕೆ. ಆದರೆ ಕಾಯಿಲೆ ಬಿದ್ದರೆ ಸಂಬಳದ ರಜೆ ಇಲ್ಲ. ಇಂಥ ಒಪ್ಪಂದ 12 ಸಂಘಗಳ ಮುಂದೆ ಬಂದಾಗ 4 ಸಂಘಗಳು ಬೇಡವೆಂದವು. ಅವುಗಳಲ್ಲಿ ದೊಡ್ಡ ಸಂಘದ ರೈಲು ಓಡಿಸುವ ಸಿಬ್ಬಂದಿಯ ಪೈಕಿ ವಿರೋಧಿಸಿದವರು ಶೇಕಡಾ 50.87 ಮಾತ್ರ. ಕೂದಲೆಳೆಯ ಅಂತರ! ಜ್ವರ ಬಂದಾಗ ಮನೆಯಲ್ಲಿ ಮಲಗುವ ಪ್ರಶ್ನೆ ಫೀ ಕಟ್ಟುವವನದೂ ಹೌದು. ಆದರೆ ಮತಪೆಟ್ಟಿಗೆಯ ಹತ್ತಿರ ಅವನಿಗೆ ಜಾಗವಿರಲಿಲ್ಲ. ಕೊನೆಗೆ ಆ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿ ಅದೇ ಒಪ್ಪಂದವನ್ನು ಎಲ್ಲರ ಮೇಲೂ ಹೇರಿತು. ಅದು ಬೇರೆ ಮಾತು.

2018ರ ಜಾನಸ್ ತೀರ್ಪಿನಿಂದ ಅಮೆರಿಕದ ಸರಕಾರಿ ನೌಕರರಿಗೆ ಈ ಫೀ ತಪ್ಪಿತು. ಖಾಸಗಿ ರೈಲು ಕಂಪನಿಯ ನೌಕರನಿಗೆ ತಪ್ಪಲಿಲ್ಲ.

ನಮ್ಮಲ್ಲಿ ಸ್ಥಿತಿ ಉಲ್ಟಾ. ಸಂಘದ ಚಂದಾ ನೌಕರನ ಇಚ್ಛೆಗೆ ಬಿಟ್ಟದ್ದು. 2024ರ ಡಿಸೆಂಬರಿನಲ್ಲಿ ರೈಲ್ವೆಯಲ್ಲಿ ಯಾವ ಸಂಘಕ್ಕೆ ಮಾನ್ಯತೆ ಎಂಬ ಗುಪ್ತ ಮತದಾನ ನಡೆದಾಗ, ಯಾವ ಸಂಘದಲ್ಲೂ ಇಲ್ಲದವನಿಗೂ ಓಟಿತ್ತು. ಆ ಒಂದು ಓಟು ಅಮೆರಿಕದವನಿಗೂ ಉಂಟು. ಆದರೆ ಗೆದ್ದ ಸಂಘ ಆಮೇಲೆ ಏನು ಬೇಡಬೇಕು, ಯಾವುದಕ್ಕೆ ಒಪ್ಪಬೇಕು ಎಂದು ತೀರ್ಮಾನವಾಗುವುದು ಎರಡೂ ಕಡೆ ಸಂಘದ ಒಳಗೆ. ಸಂಘ ರಾಜಕೀಯ ಮಾಡುತ್ತದೆ ಎಂದು ಮುನಿಸಿಕೊಂಡವನು ಬಾಗಿಲ ಹೊರಗೆ ನಿಂತು ಕೂಗಿದರೆ ಕೇಳುವವರಾರು? ಒಳಗೆ ಹೋಗಿ ಕೈ ಎತ್ತಿದರೆ ಎಣಿಸಲೇಬೇಕಾಗುತ್ತದೆ.